ಶೆಟ್ಟಿಹಳ್ಳಿಯಲ್ಲಿ ನೀರು ನುಂಗಿದ ಚರ್ಚು, ಯುರೋಪಿನಲ್ಲಿ ಜನ ತೊರೆದ ಚರ್ಚು

ಹಾಸನ: ಸಕಲೇಶಪುರ, ಮೂಡಿಗೆರೆ ಸೀಮೆಯ ಕಾಫಿ ತೋಟಗಳ ಮೇಲೆ ಸುರಿಯುವ ಮುಂಗಾರು ಮಳೆ ಹಳ್ಳಗಳ ಮೂಲಕ ಹೇಮಾವತಿಯನ್ನು ಸೇರುತ್ತದೆ. ಸಕಲೇಶಪುರ ಪೇಟೆಯನ್ನು ದಾಟಿದ ನದಿ ಪೂರ್ವಕ್ಕೆ ಹರಿದು ಗೊರೂರು ಅಣೆಕಟ್ಟೆಯ ಹಿನ್ನೀರಾಗಿ ನಿಲ್ಲುತ್ತದೆ. ಆ ಹಿನ್ನೀರಿನ ಅಂಚಿನಲ್ಲಿ, ಹಾಸನ ನಗರದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಚಾವಣಿಯಿಲ್ಲದ ಹಳೆಯ ಚರ್ಚೊಂದು ನಿಂತಿದೆ. ಅದೇ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯ. ಮಳೆಗಾಲ ಜೋರಾದಾಗ ನೀರು ಕಮಾನುಗಳ ಎತ್ತರಕ್ಕೆ ಏರುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಬಿರುಕುಬಿಟ್ಟ ಕೆಸರಿನ ಮೇಲೆ ನಡೆದು ಪೂಜಾಪೀಠವಿದ್ದ ಸ್ಥಳದವರೆಗೂ ಹೋಗಬಹುದು. 'ಮುಳುಗುವ ಚರ್ಚು' ಎಂದೇ ಪ್ರಸಿದ್ಧವಾದ ಈ ಕಟ್ಟಡದ ಮುಂದೆ ಮದುವೆಗೆ ಮುನ್ನ ಚಿತ್ರ ತೆಗೆಸಿಕೊಳ್ಳುವ ಜೋಡಿಗಳು ಇಂದು ಬಂದುಹೋಗುತ್ತಿರುತ್ತವೆ.

ಇದನ್ನು ನೋಡಿದವರ ಮನಸ್ಸಿನಲ್ಲಿ ಸಹಜವಾಗಿ ಏಳುವ ಭಾವನೆ ಒಂದೇ: ಬ್ರಿಟಿಷರು ಹೋದರು, ಅವರ ದೇವರೂ ಹೋದ, ಕಟ್ಟಡ ಪಾಳುಬಿತ್ತು. ಪ್ರವಾಸಿಗರ ಬರಹಗಳಲ್ಲಿ ಈ ಧಾಟಿ ಮತ್ತೆ ಮತ್ತೆ ಕಾಣುತ್ತದೆ. ಆದರೆ ಶೆಟ್ಟಿಹಳ್ಳಿಯ ಚರ್ಚು ಭಕ್ತರಿಲ್ಲದೆ ಪಾಳುಬಿದ್ದದ್ದಲ್ಲ. ಭಕ್ತರು ಇದ್ದರು, ನೀರಾವರಿ ಯೋಜನೆಗಾಗಿ ಅವರನ್ನು ಅಲ್ಲಿಂದ ಎಬ್ಬಿಸಲಾಯಿತು. ಗೊರೂರಿನ ಹೇಮಾವತಿ ಅಣೆಕಟ್ಟೆ 1979ರಲ್ಲಿ ಪೂರ್ಣಗೊಂಡಿತು. ಮುಳುಗಡೆಯಾದ ಹಳ್ಳಿಗಳ ಹಿಂದೂ, ಮುಸ್ಲಿಂ, ಕ್ರೈಸ್ತ ಕುಟುಂಬಗಳೆಲ್ಲ ಹೊಲಮನೆ ಬಿಟ್ಟು ಎತ್ತರದ ನೆಲಕ್ಕೆ ಸರಿದವು. ಕ್ರೈಸ್ತರು ತಮ್ಮ ಆರಾಧನೆಯನ್ನು ಹೊಸ ಜಾಗಕ್ಕೆ ಒಯ್ದರು. ಹಳೆಯ ಗೋಡೆಗಳು ಮಾತ್ರ ಹಿಂದೆ ಉಳಿದವು.

ಚರ್ಚು ಬರಿದಾಗುವುದಕ್ಕೆ ಇನ್ನೊಂದು ಬಗೆಯೂ ಇದೆ. ಊರು ಅಲ್ಲೇ ಇರುತ್ತದೆ, ಚಾವಣಿ ಸೋರುವುದಿಲ್ಲ, ಗಂಟೆ ಸರಿಯಾದ ಸಮಯಕ್ಕೆ ಬಾರಿಸುತ್ತದೆ. ಒಳಗೆ ಜನ ಮಾತ್ರ ಇರುವುದಿಲ್ಲ. ಶೆಟ್ಟಿಹಳ್ಳಿಗೆ ಗುರುಗಳನ್ನು ಕಳುಹಿಸಿದ ಫ್ರಾನ್ಸಿನಲ್ಲಿ, ಸಕಲೇಶಪುರಕ್ಕೆ ತೋಟಗಾರರನ್ನು ಕಳುಹಿಸಿದ ಬ್ರಿಟನ್ನಿನಲ್ಲಿ ನಡೆದಿರುವುದು ಈ ಎರಡನೆಯ ಬಗೆಯ ಬರಿದಾಗುವಿಕೆ.

ದೊಡ್ಡ ಸ್ವಾಮಿಯವರು

ಶೆಟ್ಟಿಹಳ್ಳಿಯ ಚರ್ಚನ್ನು 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದರು. ಇದನ್ನು ಅಬ್ಬೆ ದ್ಯುಬುವಾ, ಅಂದರೆ ಕನ್ನಡಿಗರ ಬಾಯಲ್ಲಿ ಅಬ್ಬೆ ದುಬಾಯ್, ಕಟ್ಟಿಸಿದರೆಂದು ಹಲವು ಕಡೆ ಬರೆಯಲಾಗಿದೆ. ಅದು ಸಾಧ್ಯವಿಲ್ಲದ ಮಾತು. ದ್ಯುಬುವಾ 1823ರಲ್ಲೇ ಭಾರತ ಬಿಟ್ಟು ಪ್ಯಾರಿಸ್ಸಿಗೆ ಮರಳಿದರು. 1848ರಲ್ಲಿ ಅಲ್ಲೇ ನಿಧನರಾದರು. ಆದರೆ ಹಾಸನ ಸೀಮೆಯ ಕ್ರೈಸ್ತ ಹಳ್ಳಿಗಳ ಕಥೆಯಲ್ಲಿ ಅವರ ಹೆಸರು ಬರುವುದಕ್ಕೆ ಕಾರಣವಿದೆ. 1799ರಲ್ಲಿ ಶ್ರೀರಂಗಪಟ್ಟಣ ಪತನಗೊಂಡ ಮೇಲೆ, ಟಿಪ್ಪುವಿನ ಕಾಲದಲ್ಲಿ ಚದುರಿಹೋಗಿದ್ದ ಮೈಸೂರು ಸೀಮೆಯ ಕ್ರೈಸ್ತರನ್ನು ಮತ್ತೆ ಒಂದುಗೂಡಿಸುವ ಕೆಲಸ ಅವರ ಪಾಲಿಗೆ ಬಂತು. ಹಾಸನದ ಬಳಿಯ ಸಾತಳ್ಳಿಯಂಥ ಕಡೆ ಅವರು ಬೇಸಾಯದ ನೆಲೆಗಳನ್ನು ಏರ್ಪಡಿಸಿದರು, ಸಿಡುಬಿಗೆ ಲಸಿಕೆ ಹಾಕಿಸುವುದರಲ್ಲಿ ಶ್ರಮಿಸಿದರು. ಇಲ್ಲಿನವರಂತೆ ಉಟ್ಟು, ಇಲ್ಲಿನವರಂತೆ ಉಂಡು, 'ದೊಡ್ಡ ಸ್ವಾಮಿಯವರು' ಎಂದು ಕರೆಸಿಕೊಂಡರು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಹಣ ಕೊಟ್ಟು ಕೊಂಡಿತು. 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಪ್ರಕಟವಾಯಿತು.

ದ್ಯುಬುವಾ ಗುರುದೀಕ್ಷೆ ಪಡೆದದ್ದು 1792ರಲ್ಲಿ, ಭಾರತಕ್ಕೆ ಹೊರಟದ್ದೂ ಅದೇ ವರ್ಷ. ಆಗ ಫ್ರಾನ್ಸಿನಲ್ಲಿ ಕ್ರಾಂತಿ ಉರಿಯುತ್ತಿತ್ತು. ಚರ್ಚಿನ ಆಸ್ತಿಯನ್ನು ರಾಷ್ಟ್ರದ್ದೆಂದು ಸಾರಲಾಗಿತ್ತು. ಹೊಸ ಸಂವಿಧಾನಕ್ಕೆ ಪ್ರಮಾಣ ಮಾಡದ ಗುರುಗಳು ದೇಶಭ್ರಷ್ಟರಾಗುತ್ತಿದ್ದರು, ಕೆಲವರು ಕೊಲೆಯಾಗುತ್ತಿದ್ದರು. ಮರುವರ್ಷ ಪ್ಯಾರಿಸ್ಸಿನ ನೋತ್ರ್‌ದಾಂ ಮಹಾದೇವಾಲಯದಲ್ಲಿ 'ವಿವೇಕ ದೇವತೆ'ಯ ಉತ್ಸವ ನಡೆಯಿತು. ಅಂದರೆ, ಹಾಸನದ ಬಯಲಿಗೆ ಕ್ರೈಸ್ತ ಮತದ ಸಂಘಟನೆ ತಂದವರು, ತಮ್ಮ ನಾಡಿನಲ್ಲಿ ಆ ಮತಕ್ಕೆ ಮೊದಲ ದೊಡ್ಡ ಪೆಟ್ಟು ಬಿದ್ದ ಹೊತ್ತಿನಲ್ಲಿ ಹಡಗು ಹತ್ತಿದವರು.

ಅವರ ಜೀವನದ ಕೊನೆಯ ವಿಚಿತ್ರವೂ ಕಡಿಮೆಯದಲ್ಲ. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು, ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗದ ಮಾತೆಂದು ಬರೆದರು. 25 ವರ್ಷಗಳ ದುಡಿಮೆಯಲ್ಲಿ ತಾವು ಪರಿವರ್ತಿಸಿದವರ ಸಂಖ್ಯೆ ಇನ್ನೂರು ಮುನ್ನೂರರ ನಡುವೆ ಎಂದು ಒಪ್ಪಿಕೊಂಡರು. ಇಂಗ್ಲಿಷ್ ಮಿಷನರಿಗಳು ಇದಕ್ಕೆ ಕೆಂಡವಾದರು. ಭಾರತದಲ್ಲಿ ಕ್ರೈಸ್ತ ಮತಕ್ಕೆ ಭವಿಷ್ಯವಿಲ್ಲ ಎಂದ ಆ ಗುರುವಿಗೆ ಯುರೋಪಿನಲ್ಲಿ ಅದರ ಭವಿಷ್ಯದ ಬಗ್ಗೆ ಅಂಥ ಮಾತು ಬರೆಯುವ ಅಗತ್ಯ ಕಂಡಿರಲಿಲ್ಲ.

ತೋಟದ ದೊರೆಗಳ ದೇವರು

ಆಲೂರು, ಸಕಲೇಶಪುರದ ಸಿರಿವಂತ ಬ್ರಿಟಿಷ್ ತೋಟಗಾರರಿಗಾಗಿ ಶೆಟ್ಟಿಹಳ್ಳಿಯ ಚರ್ಚು ಕಟ್ಟಲಾಯಿತು ಎಂಬ ಇನ್ನೊಂದು ಮಾತು ಎಲ್ಲೆಡೆ ಓಡಾಡುತ್ತಿದೆ. ಇದರಲ್ಲಿ ಸಂದೇಹಕ್ಕೆ ಸಾಕಷ್ಟು ಎಡೆಯಿದೆ. ಮಂಜರಾಬಾದ್ ಸೀಮೆಯಲ್ಲಿ 1843ರಲ್ಲಿ ಕಾಫಿ ಕೃಷಿ ಆರಂಭಿಸಿದ ಫ್ರೆಡರಿಕ್ ಗ್ರೀನ್, 1850ರ ದಶಕದ ನಡುವಿನಲ್ಲಿ ಬಂದು ದಶಕಗಳ ಕಾಲ ತೋಟ ನಡೆಸಿ ಪುಸ್ತಕಗಳನ್ನೂ ಬರೆದ ರಾಬರ್ಟ್ ಎಲಿಯಟ್ ಮುಂತಾದವರ ಪೈಕಿ ಹೆಚ್ಚಿನವರು ಇಂಗ್ಲೆಂಡ್, ಸ್ಕಾಟ್ಲೆಂಡಿನ ಪ್ರೊಟೆಸ್ಟೆಂಟರು. ಕುದುರೆ ಏರಿ ಘಟ್ಟದ ದಾರಿಯಲ್ಲಿ ಒಂದು ಹಗಲೆಲ್ಲ ನಡೆದು, ಫ್ರೆಂಚ್ ಕ್ಯಾಥೊಲಿಕ್ ಗುರುವಿನ ಲ್ಯಾಟಿನ್ ಪೂಜೆಗೆ ಅವರು ಪ್ರತಿ ಭಾನುವಾರ ಬರುತ್ತಿದ್ದರೆನ್ನುವುದು ನಂಬಲು ಕಷ್ಟ. ಚರ್ಚು ನಿಂತದ್ದು ಊರಿನ ಕ್ರೈಸ್ತ ಬೇಸಾಯಗಾರರ ನಡುವೆ, ಅವರ ಮಕ್ಕಳ ದೀಕ್ಷಾಸ್ನಾನಕ್ಕೆ, ಮದುವೆಗೆ, ಮಣ್ಣಿಗೆ. ಈ ವ್ಯತ್ಯಾಸ ಸಣ್ಣದಲ್ಲ. ಚರ್ಚು ದೊರೆಗಳದ್ದೆಂದು ಹೇಳಿದೊಡನೆ ಆ ಊರಿನ ಜನ ಚಿತ್ರದಿಂದ ಮಾಯವಾಗುತ್ತಾರೆ.

ತೋಟದ ದೊರೆಗಳ ಧರ್ಮಶ್ರದ್ಧೆಯನ್ನೂ ಅತಿಯಾಗಿ ಎಣಿಸಬೇಕಿಲ್ಲ. ಅವರು ಬಿಟ್ಟುಬಂದ ಬ್ರಿಟನ್ನಿನಲ್ಲಿ 1851ರ ಮಾರ್ಚ್ 30ರ ಭಾನುವಾರ ಚರ್ಚಿಗೆ ಬಂದವರ ಗಣತಿ ನಡೆದಿತ್ತು. ಬರಬಹುದಾಗಿದ್ದೂ ಬಾರದವರು ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 50 ಲಕ್ಷಕ್ಕೂ ಹೆಚ್ಚು ಮಂದಿ ಎಂದು ಗೊತ್ತಾದಾಗ ಆ ಸಮಾಜ ಬೆಚ್ಚಿಬಿದ್ದಿತು. ಅವರಲ್ಲಿ ಬಹುಪಾಲು ಕೈಗಾರಿಕಾ ನಗರಗಳ ದುಡಿಯುವ ವರ್ಗದವರು. ಶೆಟ್ಟಿಹಳ್ಳಿಯಲ್ಲಿ ಗಾರೆಯ ಕೆಲಸ ನಡೆಯುತ್ತಿದ್ದ ದಶಕದ ಮುನ್ನಾದಿನವೇ, 1859ರಲ್ಲಿ, ಡಾರ್ವಿನ್ನನ ಗ್ರಂಥ ಹೊರಬಂದಿತ್ತು. 1863ರಲ್ಲಿ ಪ್ಯಾರಿಸ್ಸಿನಲ್ಲಿ ಅರ್ನೆಸ್ತ್ ರೆನಾನ್, ಏಸುವನ್ನು ದೇವಪುತ್ರನಾಗಿಯಲ್ಲದೆ ಮನುಷ್ಯನಾಗಿ ಚಿತ್ರಿಸಿದ ಜೀವನಚರಿತ್ರೆಯನ್ನು ಪ್ರಕಟಿಸಿದ. ಪುಸ್ತಕ ಬಿಸಿ ದೋಸೆಯಂತೆ ಮಾರಾಟವಾಯಿತು.

ಆದರೂ ವಿದ್ವಾಂಸರ ಪುಸ್ತಕಗಳಿಂದ ಚರ್ಚುಗಳು ಖಾಲಿಯಾಗಲಿಲ್ಲ. ಡಾರ್ವಿನ್ ಬಂದ ನೂರು ವರ್ಷಗಳ ಅನಂತರವೂ ಯುರೋಪಿನ ಬಹುಪಾಲು ಮಕ್ಕಳಿಗೆ ದೀಕ್ಷಾಸ್ನಾನ ಆಗುತ್ತಿತ್ತು, ಬಹುಪಾಲು ಮದುವೆಗಳು ಚರ್ಚಿನಲ್ಲೇ ನಡೆಯುತ್ತಿದ್ದವು. ನಿಜವಾದ ಕುಸಿತ ಬಂದದ್ದು 1960ರ ದಶಕದಲ್ಲಿ, ಅದೂ ಆಶ್ಚರ್ಯವೆನಿಸುವಷ್ಟು ಬೇಗ.

ಅಂಕಿಗಳು ಹೇಳುವುದು

ಇಂಗ್ಲೆಂಡ್ ಮತ್ತು ವೇಲ್ಸಿನ ಜನಗಣತಿಯಲ್ಲಿ ಮತದ ಪ್ರಶ್ನೆಯನ್ನು 2001ರಲ್ಲಿ ಮೊದಲ ಬಾರಿಗೆ ಸೇರಿಸಲಾಯಿತು. ಆಗ ತಾವು ಕ್ರೈಸ್ತರೆಂದವರು ಸುಮಾರು ಶೇ. 72. 2011ರಲ್ಲಿ ಅದು ಶೇ. 59.3ಕ್ಕೆ, 2021ರಲ್ಲಿ ಶೇ. 46.2ಕ್ಕೆ ಇಳಿಯಿತು. ಯಾವ ಮತವೂ ಇಲ್ಲವೆಂದವರು 2021ರಲ್ಲಿ ಶೇ. 37.2. ಇವು ಬರೀ ಗುರುತಿನ ಅಂಕಿಗಳು. ಚರ್ಚಿಗೆ ಬರುವವರ ಲೆಕ್ಕ ಇನ್ನೂ ತೆಳು: 2024ರಲ್ಲಿ ಇಂಗ್ಲೆಂಡಿನ ಅಧಿಕೃತ ಚರ್ಚಿನ ವಾರದ ಸರಾಸರಿ ಹಾಜರಿ ಏಳು ಲಕ್ಷದ ಆಸುಪಾಸು, ಆ ನಾಡಿನ ಜನಸಂಖ್ಯೆ ಐದೂವರೆ ಕೋಟಿಗೂ ಮಿಕ್ಕದ್ದು. ಹಾಸನದಲ್ಲಿ ಶಾಲೆ, ಆಸ್ಪತ್ರೆಗಳ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ನಿನ ಮೂಲಸಂಸ್ಥೆಯಾದ ಬ್ರಿಟನ್ನಿನ ಮೆಥಡಿಸ್ಟ್ ಚರ್ಚಿಗೆ 1932ರಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದರು. 2016ರ ಹೊತ್ತಿಗೆ ಅದು 1.88 ಲಕ್ಷಕ್ಕೆ ಇಳಿದಿತ್ತು.

ಫ್ರಾನ್ಸಿನಲ್ಲಿ 2019-20ರ ಸರ್ಕಾರಿ ಸಮೀಕ್ಷೆಯ ಪ್ರಕಾರ 18ರಿಂದ 59ರ ವಯಸ್ಸಿನವರಲ್ಲಿ ಶೇ. 51 ಮಂದಿಗೆ ಯಾವ ಮತವೂ ಇಲ್ಲ, ಕ್ಯಾಥೊಲಿಕರೆಂದುಕೊಂಡವರು ಶೇ. 29. ಎರಡನೆಯ ಮಹಾಯುದ್ಧದ ಅನಂತರದ ವರ್ಷಗಳಲ್ಲಿ ಸಾವಿರದ ಆಸುಪಾಸಿನಲ್ಲಿದ್ದ ವಾರ್ಷಿಕ ಗುರುದೀಕ್ಷೆಗಳ ಸಂಖ್ಯೆ ಇತ್ತೀಚೆಗೆ ನೂರರ ಆಸುಪಾಸಿಗೆ ಬಂದಿದೆ. ಜರ್ಮನಿಯಲ್ಲಿ 2022ರ ಒಂದೇ ವರ್ಷ ಕ್ಯಾಥೊಲಿಕ್ ಚರ್ಚನ್ನು ಬಿಟ್ಟವರು 5.2 ಲಕ್ಷಕ್ಕೂ ಹೆಚ್ಚು. ಅಮೆರಿಕೆಯಲ್ಲಿ ಕ್ರೈಸ್ತರ ಪ್ರಮಾಣ 2007ರಲ್ಲಿ ಶೇ. 78 ಇದ್ದದ್ದು 2023-24ರಲ್ಲಿ ಶೇ. 62 ಎಂದು ಪ್ಯೂ ಸಂಶೋಧನಾ ಸಂಸ್ಥೆ ಹೇಳಿದೆ. ಆದರೆ ಅಲ್ಲಿ 2019ರಿಂದೀಚೆಗೆ ಇಳಿಕೆ ಬಹುಮಟ್ಟಿಗೆ ನಿಂತಿರುವುದನ್ನೂ ಅದೇ ಸಂಸ್ಥೆ ಗುರುತಿಸಿದೆ.

ಏಕೆ ಹೀಗಾಯಿತು?

ವಿಜ್ಞಾನ ಬೆಳೆಯಿತು, ನಂಬಿಕೆ ಕುಸಿಯಿತು ಎಂಬುದು ಸುಲಭದ ಉತ್ತರ. ಸಮಾಜಶಾಸ್ತ್ರಜ್ಞರಲ್ಲಿ ಬಹುಮಂದಿ ಇಂದು ಇದಕ್ಕೆ ತೃಪ್ತರಲ್ಲ. ಬ್ರಿಟನ್ನಿನ ಅಂಕಿಅಂಶಗಳನ್ನು ಪರಿಶೀಲಿಸಿ ಡೇವಿಡ್ ವೋಸ್ ಮತ್ತು ಅಲಸ್ಡೇರ್ ಕ್ರಾಕೆಟ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೊಂದು ಕಡೆಗೆ ಬೆರಳು ತೋರಿಸಿತು. ನಂಬಿಕೆಯುಳ್ಳ ಹಿರಿಯರು ನಡುವಯಸ್ಸಿನಲ್ಲಿ ಅದನ್ನು ಕಳೆದುಕೊಂಡದ್ದು ಕಡಿಮೆ. ಅವರು ಸಾಯುವವರೆಗೂ ಚರ್ಚಿಗೆ ಹೋದರು. ಮಕ್ಕಳು ಹೋಗಲಿಲ್ಲ. ತಂದೆತಾಯಿ ಇಬ್ಬರೂ ಶ್ರದ್ಧಾವಂತರಾಗಿದ್ದರೆ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಅದೇ ಹಾದಿ ಹಿಡಿದರು. ಇಬ್ಬರಲ್ಲಿ ಒಬ್ಬರೇ ಶ್ರದ್ಧಾವಂತರಾಗಿದ್ದರೆ ಕಾಲುಭಾಗ. ಇಬ್ಬರಿಗೂ ಶ್ರದ್ಧೆ ಇಲ್ಲದಿದ್ದರೆ ಮಕ್ಕಳಲ್ಲಿ ಅದು ಹೊಸದಾಗಿ ಹುಟ್ಟಿದ್ದು ಬಲು ಅಪರೂಪ. ಪಿತ್ರಾರ್ಜಿತ ಜಮೀನು ತಲೆಮಾರಿಗೊಮ್ಮೆ ಭಾಗವಾಗುವಂತೆ ನಂಬಿಕೆಯೂ ತಲೆಮಾರಿಗೊಮ್ಮೆ ಅರ್ಧವಾಗುತ್ತ ಬಂತು. ಮೂರು ತಲೆಮಾರು ಕಳೆದರೆ ಉಳಿಯುವುದೆಷ್ಟು ಎಂಬುದನ್ನು ಮಲೆನಾಡಿನ ಯಾವ ಹಿಡುವಳಿದಾರನಿಗೂ ವಿವರಿಸಬೇಕಾಗಿಲ್ಲ.

ಈ ಹಸ್ತಾಂತರ 1960ರ ದಶಕದಲ್ಲೇ ಏಕೆ ತುಂಡಾಯಿತು? ಗ್ಲಾಸ್ಗೋದ ಇತಿಹಾಸಕಾರ ಕ್ಯಾಲಮ್ ಬ್ರೌನ್ 2001ರ ತಮ್ಮ ಗ್ರಂಥದಲ್ಲಿ ಹೆಣ್ಣುಮಕ್ಕಳ ಕಡೆ ಗಮನ ಸೆಳೆದರು. ಮನೆಯಲ್ಲಿ ಪ್ರಾರ್ಥನೆ ಹೇಳಿಕೊಟ್ಟು, ಮಕ್ಕಳನ್ನು ಭಾನುವಾರದ ಪಾಠಕ್ಕೆ ಸಿದ್ಧಗೊಳಿಸಿ ಕಳುಹಿಸುತ್ತಿದ್ದವರು ತಾಯಂದಿರು. ಓದು, ಉದ್ಯೋಗ, ಗರ್ಭನಿರೋಧಕ ಮಾತ್ರೆ ಇವೆಲ್ಲ ಆ ದಶಕದ ಯುವತಿಯರ ಬದುಕನ್ನು ಬದಲಿಸಿದಾಗ 'ಒಳ್ಳೆಯ ಹೆಣ್ಣು ಎಂದರೆ ಭಕ್ತಿಯುಳ್ಳವಳು' ಎಂಬ ಹಳೆಯ ಸಮೀಕರಣ ಮುರಿಯಿತು; ಅದರೊಡನೆ ಮನೆಯ ಪಾಠಶಾಲೆಯೂ ಮುಚ್ಚಿತು ಎಂಬುದು ಅವರ ವಾದ.

ಫ್ರೆಂಚ್ ಇತಿಹಾಸಕಾರ ಗಿಯೋಮ್ ಕ್ಯುಶೆ 2018ರಲ್ಲಿ ಇನ್ನೊಂದು ಕಾರಣ ಮುಂದಿಟ್ಟರು. ಕ್ಯಾಥೊಲಿಕ್ ಚರ್ಚು ಕಾಲಕ್ಕೆ ತಕ್ಕಂತೆ ಬದಲಾಗಬೇಕೆಂದು 1962ರಿಂದ 1965ರವರೆಗೆ ನಡೆದ ದ್ವಿತೀಯ ವ್ಯಾಟಿಕನ್ ಮಹಾಸಭೆಯ ಕಾಲಕ್ಕೇ ಹಾಜರಿ ಕುಸಿಯಲಾರಂಭಿಸಿತು. ಭಾನುವಾರದ ಪೂಜೆ ತಪ್ಪಿಸಿದರೆ ಮಹಾಪಾಪ, ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಲೇಬೇಕು ಎಂಬ ಕಟ್ಟುಪಾಡುಗಳ ಮೇಲಿನ ಒತ್ತು ಸಡಿಲವಾಯಿತು. ನಿಷ್ಠೆ ಒಳಗಿನಿಂದ ಬರಲಿ ಎಂದು ಗುರುಗಳು ಬಯಸಿದರು. ಕಟ್ಟುಪಾಡಿಗಾಗಿ ಬರುತ್ತಿದ್ದವರು ಅದು ಹೋದದ್ದೇ ತಡ ಮನೆಯಲ್ಲಿ ಉಳಿದರು. ಆದರೆ ಇದೊಂದೇ ಕಾರಣವೆನ್ನಲೂ ಬರುವುದಿಲ್ಲ. ಈ ಮಹಾಸಭೆಗೆ ಸಂಬಂಧವೇ ಇಲ್ಲದ ಬ್ರಿಟನ್ನಿನ ಪ್ರೊಟೆಸ್ಟೆಂಟ್ ಚರ್ಚುಗಳೂ ಅದೇ ದಶಕದಲ್ಲಿ ಬರಿದಾಗತೊಡಗಿದವಲ್ಲ!

ಫ್ರಾನ್ಸಿನ ಬೇರು ಇನ್ನೂ ಆಳದ್ದು. ಫರ್ನಾನ್ ಬುಲಾರ್ ಎಂಬ ಕ್ಯಾಥೊಲಿಕ್ ಗುರು 1947ರಲ್ಲಿ ಹಳ್ಳಿಗಾಡಿನ ಧರ್ಮಾಚರಣೆಯ ನಕ್ಷೆಯೊಂದನ್ನು ಪ್ರಕಟಿಸಿದರು. ಭಕ್ತಿ ತೆಳುವಾಗಿದ್ದ ಪ್ರದೇಶಗಳು ಬಹುಮಟ್ಟಿಗೆ, 1791ರಲ್ಲಿ ಗುರುಗಳು ಕ್ರಾಂತಿ ಸರ್ಕಾರಕ್ಕೆ ಪ್ರಮಾಣ ಮಾಡಿದ್ದ ಪ್ರದೇಶಗಳಿಗೆ ಹೊಂದಿಕೊಂಡವು. ದ್ಯುಬುವಾ ಹಡಗು ಹತ್ತಿದ ಕಾಲದ ಬಿರುಕು ನೂರೈವತ್ತು ವರ್ಷಗಳ ಅನಂತರವೂ ನಕ್ಷೆಯಲ್ಲಿ ಕಾಣುತ್ತಿತ್ತು.

ಇವುಗಳ ಜೊತೆಗೆ ಚರ್ಚು ತಾನೇ ತಂದುಕೊಂಡ ಕಳಂಕವನ್ನೂ ಹೇಳಬೇಕು. ಐರ್ಲೆಂಡಿನಲ್ಲಿ 1970ರ ದಶಕದಲ್ಲಿ ಹತ್ತರಲ್ಲಿ ಒಂಬತ್ತು ಕ್ಯಾಥೊಲಿಕರು ವಾರ ವಾರ ಪೂಜೆಗೆ ಹೋಗುತ್ತಿದ್ದರು. ಮಕ್ಕಳ ಮೇಲೆ ಗುರುಗಳು, ಚರ್ಚಿನ ಸಂಸ್ಥೆಗಳು ಎಸಗಿದ ದೌರ್ಜನ್ಯ, ಅದನ್ನು ಮೇಲಿನವರು ಮುಚ್ಚಿಟ್ಟ ಬಗೆ 2009ರ ಎರಡು ಸರ್ಕಾರಿ ವರದಿಗಳಲ್ಲಿ ಬಯಲಾಯಿತು. 2015ರಲ್ಲಿ ಸಲಿಂಗ ವಿವಾಹಕ್ಕೆ, 2018ರಲ್ಲಿ ಗರ್ಭಪಾತದ ಹಕ್ಕಿಗೆ ಆ ದೇಶದ ಜನ ಮತದಾನದ ಮೂಲಕ ಒಪ್ಪಿಗೆ ನೀಡಿದರು. ಕ್ಯಾಥೊಲಿಕರ ಪ್ರಮಾಣ 2011ರ ಶೇ. 84ರಿಂದ 2022ರಲ್ಲಿ ಶೇ. 69ಕ್ಕೆ ಇಳಿಯಿತು. ಫ್ರಾನ್ಸಿನಲ್ಲಿ ಸ್ವತಂತ್ರ ಆಯೋಗವೊಂದು 1950ರಿಂದೀಚೆಗೆ ಗುರುಗಳಿಂದ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಸಂಖ್ಯೆ 2.16 ಲಕ್ಷ ಇರಬಹುದೆಂದು 2021ರಲ್ಲಿ ಅಂದಾಜಿಸಿತು. ನಂಬಿಕೆ ಕಳೆದುಕೊಂಡವರನ್ನು ದೂರುವ ಮೊದಲು ಈ ಸಂಖ್ಯೆಯನ್ನೊಮ್ಮೆ ಓದಿಕೊಳ್ಳುವುದು ಒಳಿತು.

ಬಿಡುವುದಕ್ಕೊಂದು ಅರ್ಜಿ

ಹಾಸನದ ಓದುಗರಿಗೆ ವಿಚಿತ್ರವಾಗಿ ಕಾಣಬಹುದಾದ ಸಂಗತಿಯೊಂದು ಜರ್ಮನಿಯಲ್ಲಿದೆ. ಅಲ್ಲಿ ಚರ್ಚಿನ ಸದಸ್ಯರಿಂದ ಆದಾಯ ತೆರಿಗೆಯ ಶೇ. 8 ಅಥವಾ 9ರಷ್ಟು ಮೊತ್ತವನ್ನು ಸರ್ಕಾರವೇ ಹೆಚ್ಚುವರಿಯಾಗಿ ವಸೂಲು ಮಾಡಿ ಚರ್ಚಿಗೆ ಒಪ್ಪಿಸುತ್ತದೆ. ಬೇಡವಾದವರು ಸರ್ಕಾರಿ ಕಚೇರಿಗೆ ಹೋಗಿ, ಸದಸ್ಯತ್ವ ಬಿಡುತ್ತೇನೆಂದು ಸಹಿ ಮಾಡಿ ಬರಬೇಕು. ಮೊದಲ ಸಂಬಳದ ಚೀಟಿಯಲ್ಲಿ ಈ ಕಡಿತವನ್ನು ಕಂಡ ಎಷ್ಟೋ ಯುವಕರು ದೇವರಿದ್ದಾನೋ ಇಲ್ಲವೋ ಎಂಬ ಜಿಜ್ಞಾಸೆಗೆ ಕೂರದೆ ನೇರವಾಗಿ ಕಚೇರಿಗೆ ಹೋಗುತ್ತಾರೆ.

ನಮ್ಮಲ್ಲಿ ಲೆಕ್ಕ ತಿರುಗುಮುರುಗು. ಇಲ್ಲಿ ಮತವೆನ್ನುವುದು ಬರೀ ನಂಬಿಕೆಯಲ್ಲ. ಮದುವೆಯ ಕಾನೂನು, ಉತ್ತರಾಧಿಕಾರ, ಸ್ಮಶಾನ, ನೆಂಟಸ್ತಿಕೆ ಎಲ್ಲವೂ ಅದಕ್ಕೆ ಅಂಟಿಕೊಂಡಿವೆ. ಕ್ರೈಸ್ತರ ಮದುವೆಗೆ 1872ರ ಕಾಯ್ದೆ ಈಗಲೂ ಆಧಾರ. 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಯ ಸ್ಥಾನ ಕಳೆದುಕೊಳ್ಳುತ್ತಾರೆ. ಜರ್ಮನ್ನನಿಗೆ ಚರ್ಚು ಬಿಟ್ಟರೆ ತೆರಿಗೆ ಉಳಿಯುತ್ತದೆ. ಹಾಸನದ ದಲಿತನಿಗೆ ಚರ್ಚು ಸೇರಿದರೆ ಪರಿಶಿಷ್ಟ ಜಾತಿಯ ಮೀಸಲಾತಿ ಹೋಗುತ್ತದೆ. ಹೀಗಿದ್ದೂ ಉಳಿದುಕೊಂಡವರನ್ನು ಹಣದಾಸೆಗೆ ಸೇರಿದವರೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಕಷ್ಟ.

ರಾಜ್ಯದಲ್ಲಿ ಮತಾಂತರದ ವಿಷಯ ರಾಜಕೀಯದ ಕಾವಿನಿಂದ ಹೊರಗಿದ್ದ ಕಾಲವೇ ಕಡಿಮೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತಿತರ ಕಡೆ ಚರ್ಚುಗಳ ಮೇಲೆ ದಾಳಿ ನಡೆಯಿತು. 2022ರಲ್ಲಿ ಮತಾಂತರ ನಿಯಂತ್ರಿಸುವ ಕಾಯ್ದೆ ಬಂತು. ಅದನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಈ ವಾಗ್ವಾದದಲ್ಲಿ ಕ್ರೈಸ್ತ ಮತವೆಂದರೆ ಪಶ್ಚಿಮದ ಮತ, ಪಶ್ಚಿಮವೆಂದರೆ ಕ್ರೈಸ್ತ ಜಗತ್ತು ಎಂಬ ಗ್ರಹಿಕೆ ಎರಡೂ ಕಡೆ ಹಾಸುಹೊಕ್ಕಾಗಿದೆ. ಅಂಕಿಗಳು ಅದನ್ನು ಎತ್ತಿಹಿಡಿಯುವುದಿಲ್ಲ. 2020ರಲ್ಲಿ ಜಗತ್ತಿನ ಕ್ರೈಸ್ತರಲ್ಲಿ ಸುಮಾರು ಶೇ. 31ರಷ್ಟು ಮಂದಿ ಸಹಾರಾದ ದಕ್ಷಿಣದ ಆಫ್ರಿಕದಲ್ಲಿದ್ದರು, ಯುರೋಪಿನಲ್ಲಿದ್ದವರು ಶೇ. 22 ಮಾತ್ರ. 2013ರಲ್ಲಿ ಅರ್ಜೆಂಟೀನಾದವರೊಬ್ಬರು ಪೋಪ್ ಆದರು. 2025ರ ಮೇ ತಿಂಗಳಲ್ಲಿ ಅವರ ಸ್ಥಾನಕ್ಕೆ ಬಂದ ಹದಿನಾಲ್ಕನೆಯ ಲಿಯೋ ಅಮೆರಿಕೆಯಲ್ಲಿ ಹುಟ್ಟಿ ದೀರ್ಘಕಾಲ ಪೆರು ದೇಶದಲ್ಲಿ ಸೇವೆ ಸಲ್ಲಿಸಿದವರು. ಇನ್ನು ಕರ್ನಾಟಕದಲ್ಲಿ ಕ್ರೈಸ್ತರು 2001ರ ಜನಗಣತಿಯಲ್ಲಿ ಶೇ. 1.91, 2011ರಲ್ಲಿ ಶೇ. 1.87. ಪ್ರಮಾಣ ಏರಿಲ್ಲ.

ಬೆಟ್ಟದ ಮೇಲೆ

ಸ್ವಾತಂತ್ರ್ಯದ ಆಸುಪಾಸಿನ ದಶಕಗಳಲ್ಲಿ ಯುರೋಪಿಯನ್ನರು ಒಬ್ಬೊಬ್ಬರಾಗಿ ತೋಟಗಳನ್ನು ಮಾರಿ ಹೋದರು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮುಂತಾದ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾಯಿತು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕ್ಯಾಥೊಲಿಕರಿಗೆ 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ರೂಪುಗೊಂಡಿತು. ದೊರೆಗಳು ಹೋದಮೇಲೂ ಸಕಲೇಶಪುರ, ಆಲೂರು ಬೆಟ್ಟಗಳಲ್ಲಿ ಕ್ರೈಸ್ತ ಮತ ಉಳಿಯಿತು. ಅದಕ್ಕೆ ಕಾರಣ ಘಟ್ಟ ಹತ್ತಿಬಂದು ತೋಟಗಳಲ್ಲಿ ರೈಟರು, ಮೇಸ್ತ್ರಿಗಳಾಗಿ ದುಡಿದು ಕ್ರಮೇಣ ತಾವೇ ತೋಟ ಕೊಂಡ ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು, ಕೂಲಿಗೆ ಬಂದ ತಮಿಳರು, ಕೇರಳದಿಂದ ಬಂದ ಮಲಯಾಳಿಗಳು, ಬಯಲಿನ ಕನ್ನಡ ಕ್ರೈಸ್ತರು.

ಕೊಂಕಣಿ ಕ್ರೈಸ್ತ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ಭತ್ತದ ತೆನೆ ಚರ್ಚಿನಿಂದ ಮನೆಗೆ ಬರುತ್ತದೆ. ಮಕ್ಕಳು ಹೂ ಒಯ್ಯುತ್ತಾರೆ. ಭತ್ತದ ಕಾಳು ಬೆರೆಸಿದ ಹಾಲನ್ನೋ ಪಾಯಸವನ್ನೋ ಹಿರಿಯರ ಕೈಯಿಂದ ಪಡೆದು, ಸೊಪ್ಪು ತರಕಾರಿಯ ಊಟ ಮಾಡುತ್ತಾರೆ. ಇದು ಮತವೋ, ಕೃಷಿಯೋ, ಕುಟುಂಬವೋ ಎಂದು ಬಿಡಿಸಿ ಹೇಳುವುದು ಕಷ್ಟ. ವೋಸ್ ಮತ್ತು ಕ್ರಾಕೆಟ್ ಹೇಳಿದ ಹಸ್ತಾಂತರ ನಡೆಯುವುದು ಇಂಥ ಸಂದರ್ಭಗಳಲ್ಲಿ. ಯುರೋಪಿನ ಹಳ್ಳಿಗಳಲ್ಲೂ ಹೀಗೆಯೇ ಸುಗ್ಗಿ, ದ್ರಾಕ್ಷಿ ಕೊಯ್ಲು, ಕುರಿಗಳ ಆಶೀರ್ವಾದ ಎಲ್ಲ ಇತ್ತು. ಯುದ್ಧದ ಅನಂತರ ಟ್ರ್ಯಾಕ್ಟರು ಬಂತು, ಯುವಕರು ನಗರ ಸೇರಿದರು, ಹಬ್ಬಕ್ಕೆ ಬರುವವರು ಮುದುಕರಷ್ಟೇ ಆದರು. ಇಂದು ಸಕಲೇಶಪುರದ ಎಲ್ಲ ಜಾತಿಮತಗಳ ಮಕ್ಕಳೂ ಬೆಂಗಳೂರಿನಲ್ಲಿದ್ದಾರೆ, ಕೊಲ್ಲಿ ದೇಶಗಳಲ್ಲಿದ್ದಾರೆ. ತೋಟದ ಮನೆಯಲ್ಲಿ ವಯಸ್ಸಾದ ಇಬ್ಬರಷ್ಟೇ ಉಳಿದ ಕುಟುಂಬಗಳು ಲಿಂಗಾಯತರಲ್ಲೂ ಇವೆ, ಒಕ್ಕಲಿಗರಲ್ಲೂ ಇವೆ, ಕ್ರೈಸ್ತರಲ್ಲೂ ಇವೆ. ಹಬ್ಬವನ್ನು ಮೊಮ್ಮಕ್ಕಳಿಗೆ ಮೊಬೈಲಿನಲ್ಲಿ ತೋರಿಸುವ ಕಾಲದಲ್ಲಿ ಯುರೋಪಿನ ಕಥೆ ತಮ್ಮದಲ್ಲವೆಂದು ಯಾವ ಮತದವರೂ ನಿಶ್ಚಿಂತರಾಗಿರುವಂತಿಲ್ಲ.

ವ್ಯತ್ಯಾಸವೊಂದಿದೆ. ಬೆಂಗಳೂರಿನ ಕ್ಯಾಥೊಲಿಕ್ ಚರ್ಚುಗಳಲ್ಲಿ ಕನ್ನಡದ ಪೂಜೆಗಾಗಿ ದಶಕಗಳ ಕಾಲ ಹೋರಾಟ ನಡೆಯಿತು. ಕೆಲವೊಮ್ಮೆ ಬೀದಿಗೂ ಬಂತು. ಯಾವ ಭಾಷೆಯಲ್ಲಿ ಪ್ರಾರ್ಥಿಸಬೇಕೆಂದು ಜಗಳವಾಡುವವರು ಪ್ರಾರ್ಥನೆಯನ್ನು ಇನ್ನೂ ತಮ್ಮದೆಂದು ತಿಳಿದವರು. ಪಶ್ಚಿಮ ಯುರೋಪಿನ ಅನೇಕ ಧರ್ಮಕೇಂದ್ರಗಳಲ್ಲಿ ಆ ಜಗಳಕ್ಕೂ ಜನರಿಲ್ಲ.

ಖಾಲಿ ಕಟ್ಟಡಗಳ ಗತಿ

ಹಾಲೆಂಡಿನ ಮಾಸ್ಟ್ರಿಕ್ಟ್ ನಗರದ 13ನೆಯ ಶತಮಾನದ ಡೊಮಿನಿಕನ್ ಚರ್ಚು 2006ರಿಂದ ಪುಸ್ತಕದಂಗಡಿ. ಲಂಡನ್ನಿನ ಇಸ್ಲಿಂಗ್ಟನ್ನಿನ ಹಳೆಯ ಚರ್ಚೊಂದು 1970ರಲ್ಲೇ ಸ್ವಾಮಿನಾರಾಯಣ ಮಂದಿರವಾಯಿತು. ಅಮೆರಿಕೆಯಲ್ಲಿರುವ ಕನ್ನಡಿಗರು ಸೇರಿದಂತೆ ಸಾವಿರಾರು ಭಾರತೀಯರು ಹರಕೆ ಒಪ್ಪಿಸುವ ನ್ಯೂಯಾರ್ಕಿನ ಫ್ಲಶಿಂಗ್ ಗಣಪತಿ ದೇವಸ್ಥಾನ ನಿಂತಿರುವುದು ಹಿಂದೆ ರಷ್ಯನ್ ಆರ್ಥಡಾಕ್ಸ್ ಚರ್ಚು ಇದ್ದ ನಿವೇಶನದಲ್ಲಿ. ಫ್ರಾನ್ಸಿನಲ್ಲಿ 1905ರ ಕಾನೂನಿನಿಂದಾಗಿ ಅದಕ್ಕೂ ಹಿಂದಿನ ಹೆಚ್ಚಿನ ಚರ್ಚುಗಳು ಸ್ಥಳೀಯ ಪುರಸಭೆಗಳ ಸ್ವತ್ತು. ಭಕ್ತರಿಲ್ಲದ ಕಟ್ಟಡದ ಚಾವಣಿಯನ್ನು ಮತವಿಲ್ಲದ ತೆರಿಗೆದಾರನ ಹಣದಿಂದ ಹೊದಿಸಬೇಕು. ಹಣವಿಲ್ಲದ ಕಡೆ ಕಟ್ಟಡ ಉರುಳುತ್ತದೆ. ಅಬ್ಬೆವೀಲ್ ಪಟ್ಟಣದ ಸೇಂಟ್ ಜಾಕ್ ಚರ್ಚನ್ನು 2013ರಲ್ಲಿ ಕೆಡವಲಾಯಿತು. ಆದರೆ 2019ರ ಏಪ್ರಿಲ್ 15ರಂದು ನೋತ್ರ್‌ದಾಂ ಹೊತ್ತಿ ಉರಿದಾಗ ನಂಬಿಕೆಯಿಲ್ಲದವರೂ ಬೀದಿಯಲ್ಲಿ ನಿಂತು ಅತ್ತರು. ದುರಸ್ತಿಯಾಗಿ ಅದು 2024ರ ಡಿಸೆಂಬರಿನಲ್ಲಿ ಮತ್ತೆ ತೆರೆಯಿತು. 2025ರ ಈಸ್ಟರಿಗೆ ಫ್ರಾನ್ಸಿನಲ್ಲಿ 10,384 ವಯಸ್ಕರು ದೀಕ್ಷಾಸ್ನಾನ ಪಡೆದರು, ಹಿಂದಿನ ವರ್ಷಕ್ಕಿಂತ ಶೇ. 45 ಹೆಚ್ಚು. ಮಕ್ಕಳ ದೀಕ್ಷಾಸ್ನಾನದಲ್ಲಾದ ಇಳಿಕೆಯ ಮುಂದೆ ಇದು ಚಿಕ್ಕ ಸಂಖ್ಯೆ. ಆದರೂ ತಂದೆತಾಯಿ ಕೊಡದಿದ್ದನ್ನು ತಾವೇ ಹುಡುಕಿ ಬಂದವರಿವರು. ತಲೆಮಾರಿನ ಲೆಕ್ಕದಲ್ಲಿ ಇಂಥವರಿಗೆ ಜಾಗವಿರಲಿಲ್ಲ.

ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘ 17ನೆಯ ಶತಮಾನದಿಂದೀಚೆಗೆ ಏಷ್ಯಾ ಖಂಡಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಗುರುಗಳನ್ನು ಕಳುಹಿಸಿತು. ದ್ಯುಬುವಾ ಅವರಲ್ಲೊಬ್ಬರು, ಶೆಟ್ಟಿಹಳ್ಳಿಯ ಚರ್ಚು ಕಟ್ಟಿಸಿದವರೂ ಅದೇ ಸಾಲಿನವರು. ಈಗ ಹಡಗು ತಿರುಗಿದೆ. ಕೇರಳ ಮತ್ತು ದಕ್ಷಿಣ ಭಾರತದ ಇತರ ಕಡೆಗಳ ನೂರಾರು ಗುರುಗಳು ಜರ್ಮನಿ ಮತ್ತಿತರ ದೇಶಗಳಲ್ಲಿ ಸೇವೆಯಲ್ಲಿದ್ದಾರೆ. ವೀಸಾ ಪಡೆದು, ಭಾಷೆ ಕಲಿತು, ಗುರುಗಳ ಕೊರತೆಯಿಂದ ಒಂದಾಗಿಸಿದ ಮೂರು ನಾಲ್ಕು ಊರುಗಳ ಚರ್ಚುಗಳನ್ನು ಒಬ್ಬೊಬ್ಬರೇ ಕಾರಿನಲ್ಲಿ ಓಡಾಡಿ ನೋಡಿಕೊಳ್ಳುತ್ತಾರೆ. ಅಲ್ಲಿ ಅವರಿಗೆ ಹೆಚ್ಚಾಗಿ ಒದಗುವ ಕರ್ತವ್ಯ ದೀಕ್ಷಾಸ್ನಾನದ್ದಲ್ಲ, ಅಂತ್ಯಸಂಸ್ಕಾರದ್ದು.